ಭಾರದ ಟ್ರೇಲರ್ ಎಳೆಯಲು ಹಳೆಯ ಡೀಸೆಲ್ ಪಿಕಪ್: ಯಾವ ಎಂಜಿನ್, ಯಾವ ವರ್ಷದ್ದು?

ಪ್ರಶ್ನೆ — ದೂರದಾರಿ

ಸಣ್ಣ ಎಕ್ಸ್‌ಕವೇಟರ್ ಒಂದನ್ನು ಕೆಲಸದ ಜಾಗದಿಂದ ಜಾಗಕ್ಕೆ ಸಾಗಿಸಲು, ಪಿಕಪ್ ಬಾಡಿಯೊಳಗೆ ಸಿಕ್ಕಿಸುವ ಬಗೆಯ ಗೂಸ್‌ನೆಕ್ ಟ್ರೇಲರ್ ಕೊಂಡಿದ್ದೇನೆ. ಯಂತ್ರ, ಅದರ ಬಕೆಟ್‌ಗಳು, ಟ್ರೇಲರಿನ ಸ್ವಂತ ತೂಕ ಎಲ್ಲವೂ ಸೇರಿ ಕಾಗದದ ಲೆಕ್ಕದಲ್ಲಿ 6,350 ಕಿಲೋ, ಅಂದರೆ 14,000 ಪೌಂಡ್ ಆಗುತ್ತದೆ. ವಾರಕ್ಕೆ ಎರಡು ಮೂರು ಸಲ ಎಳೆಯಬೇಕಾಗುತ್ತದೆ. ದಾರಿಯಲ್ಲಿ ಉದ್ದನೆಯ ಒಂದು ಏರು, ಮರಳುವಾಗ ಅಷ್ಟೇ ಉದ್ದನೆಯ ಇಳಿಜಾರು ಇದೆ. ಇದುವರೆಗೆ ಬಾಡಿಗೆ ಲಾರಿಯನ್ನು ನಂಬಿಕೊಂಡಿದ್ದೆ. ಇನ್ನು ಸ್ವಂತ ಗಾಡಿಯೇ ಬೇಕೆಂದು ನಿರ್ಧರಿಸಿ, ಅಮೆರಿಕದ ಮೂರು ಕಂಪನಿಗಳ ಹಳೆಯ ಡೀಸೆಲ್ ಪಿಕಪ್‌ಗಳನ್ನು ಎರಡು ತಿಂಗಳಿನಿಂದ ನೋಡುತ್ತಿದ್ದೇನೆ.

ನೋಡಿದಷ್ಟೂ ಗೊಂದಲ ಹೆಚ್ಚಾಗಿದೆ. ಡಾಡ್ಜ್ ರ್‍ಯಾಮ್‌ನಲ್ಲಿರುವ ಕಮಿನ್ಸ್ ಎಂಜಿನ್ ಸಾಯುವುದೇ ಇಲ್ಲವೆಂದು ಒಬ್ಬರು ಹೇಳಿದರೆ, ಅದರ ಗೇರ್‌ಬಾಕ್ಸ್ ಮೂರು ಸಲ ಸಾಯುತ್ತದೆಂದು ಇನ್ನೊಬ್ಬರು ಹೇಳುತ್ತಾರೆ. ಫೋರ್ಡ್‌ನ 7.3 ಲೀಟರ್ ಪವರ್‌ಸ್ಟ್ರೋಕನ್ನು ಹೊಗಳಿದವರೇ ಅದರ ನಂತರ ಬಂದ 6.0 ಲೀಟರಿನ ಹೆಸರೆತ್ತಿದರೆ ಕೈ ಮುಗಿಯುತ್ತಾರೆ. ಜಿಎಂನ ಡ್ಯೂರಾಮ್ಯಾಕ್ಸ್‌ನಲ್ಲಿ ಎಲ್‌ಬಿ7, ಎಲ್‌ಎಲ್‌ವೈ, ಎಲ್‌ಬಿಝಡ್ ಎಂಬ ಅಕ್ಷರಗಳ ವ್ಯತ್ಯಾಸವೇ ನನಗೆ ಅರ್ಥವಾಗಿಲ್ಲ. ಹೊಸ ಗಾಡಿಗಳ ಹೊಗೆ ಶುದ್ಧೀಕರಣದ ಉಪಕರಣಗಳು ತಲೆನೋವೆಂದು ಹಲವರು ಎಚ್ಚರಿಸಿದ್ದಾರೆ. ಬಲ ಎಷ್ಟಿದೆ ಎಂಬುದಕ್ಕಿಂತ, ಕೆಲಸದ ದಿನ ದಾರಿಯ ಮಧ್ಯೆ ಕೈಕೊಡದೆ ಹತ್ತು ವರ್ಷ ನಡೆಯುತ್ತದೆಯೇ ಎಂಬುದು ನನಗೆ ಮುಖ್ಯ. ಯಾವ ಎಂಜಿನ್, ಯಾವ ವರ್ಷಗಳ ನಡುವಿನದು, ಹಿಂದೆ ಒಂಟಿ ಚಕ್ರವೋ ಜೋಡಿ ಚಕ್ರವೋ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ — ತೂಕದಕಲ್ಲು

ಎಂಜಿನ್ನಿನ ಮಾತನ್ನು ಸ್ವಲ್ಪ ಬದಿಗಿಡೋಣ. ನೀವು ಕೊಟ್ಟಿರುವ 6,350 ಕಿಲೋ ಎಂಬ ಅಂಕಿಯನ್ನು ವೇಬ್ರಿಜ್ ಮೇಲೆ ನಿಲ್ಲಿಸಿ ನೋಡಿದ್ದೀರಾ? ಕಾಗದದ ತೂಕಕ್ಕೂ ನಿಜವಾದ ತೂಕಕ್ಕೂ ನಡುವೆ ಮಣ್ಣು ಮೆತ್ತಿದ ಟ್ರ್ಯಾಕ್, ಕಟ್ಟುವ ಸರಪಳಿ, ಡೀಸೆಲ್ ಕ್ಯಾನ್, ಮರದ ದಿಮ್ಮಿ ಎಲ್ಲವೂ ಸೇರಿಕೊಳ್ಳುತ್ತವೆ. ನನ್ನ ಗಾಡಿ ಮಿತಿಯೊಳಗೇ ಇದೆಯೆಂದು ವರ್ಷಗಟ್ಟಲೆ ನಂಬಿಕೊಂಡಿದ್ದ ನಾನು ಒಂದು ದಿನ ತೂಗಿಸಿ ನೋಡಿದಾಗ, ಒಟ್ಟು ತೂಕ ಸರಿಯಾಗಿದ್ದರೂ ಹಿಂದಿನ ಅಚ್ಚಿನ ಮೇಲೆ ಮಾತ್ರ ಮಿತಿಗಿಂತ 180 ಕಿಲೋ ಹೆಚ್ಚು ಬಿದ್ದಿತ್ತು. ತಪ್ಪು ಗಾಡಿಯದಲ್ಲ, ಬಾಡಿಯಲ್ಲಿ ಖಾಯಂ ಆಗಿ ಕೂತಿದ್ದ ನನ್ನ ಹಾರೆ, ಜಾಕು, ಸರಪಳಿಗಳ ಪೆಟ್ಟಿಗೆಯದು.

ಗೂಸ್‌ನೆಕ್ ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 15ರಿಂದ 25ರಷ್ಟು ಪಿಕಪ್‌ನ ಬೆನ್ನಿನ ಮೇಲೆಯೇ ಕೂರುತ್ತದೆ. ನಡುವಿನ ಶೇಕಡಾ 20 ಹಿಡಿದರೂ ನಿಮ್ಮ ಲೆಕ್ಕದಲ್ಲಿ 1,270 ಕಿಲೋ ಆಯಿತು. ಬಂಪರಿನ ಕೆಳಗೆ ಸಿಕ್ಕಿಸುವ ಸಾಮಾನ್ಯ ಟ್ರೇಲರ್ ಆಗಿದ್ದರೆ ಈ ಪಾಲು ಶೇಕಡಾ 10ರಿಂದ 15 ಇರುತ್ತಿತ್ತು. ಈಗ ಮುಕ್ಕಾಲು ಟನ್ ಎಂದು ಕರೆಯುವ 2500 ಅಥವಾ ಎಫ್-250 ದರ್ಜೆಯ ಡೀಸೆಲ್ ಗಾಡಿಯನ್ನು ತೆಗೆದುಕೊಳ್ಳಿ. ಈ ಮುಕ್ಕಾಲು ಟನ್, ಒಂದು ಟನ್ ಎಂಬ ಹೆಸರುಗಳು ಯಾವುದೋ ಕಾಲದ ಉಳಿಕೆ; ಇಂದಿನ ನಿಜವಾದ ಹೊರೆಗೂ ಆ ಹೆಸರಿಗೂ ಸಂಬಂಧವಿಲ್ಲ. ಆ ದರ್ಜೆಯ ಹೆಚ್ಚಿನ ಗಾಡಿಗಳಿಗೆ ಹೊರೆ ಸಮೇತ ಅನುಮತಿಸಿದ ಒಟ್ಟು ತೂಕ 10,000 ಪೌಂಡಿನ, ಅಂದರೆ 4,536 ಕಿಲೋದ ಆಸುಪಾಸಿನಲ್ಲಿರುತ್ತದೆ. ನಾಲ್ಕು ಬಾಗಿಲು, ನಾಲ್ಕು ಚಕ್ರದ ಚಾಲನೆ, ಡೀಸೆಲ್ ಎಂಜಿನ್ ಸೇರಿದ ಖಾಲಿ ಗಾಡಿಯೇ ಸುಮಾರು 3,400 ಕಿಲೋ ತೂಗುತ್ತದೆ. ಉಳಿದ 1,100 ಚಿಲ್ಲರೆಯಲ್ಲಿ ಇಬ್ಬರು ಮನುಷ್ಯರು, ಟ್ರೇಲರ್ ಸಿಕ್ಕಿಸುವ ಹಿಚ್, ಸಾಮಾನು ಎಂದು 250 ಕಿಲೋ ಕಳೆದರೆ, 1,270 ಕಿಲೋ ಹೊರಬೇಕಾದ ಬೆನ್ನಿಗೆ 900 ಕಿಲೋದ ಅವಕಾಶವೂ ಉಳಿಯುವುದಿಲ್ಲ. ಎಳೆಯುವ ಶಕ್ತಿ ಎಂಜಿನ್ನಿಗಿದ್ದರೂ ಹೊರುವ ಶಕ್ತಿ ಸ್ಪ್ರಿಂಗ್, ಅಚ್ಚು, ಟಯರುಗಳಿಗಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಲೆಕ್ಕದಿಂದಲೇ ಬಂದಿದೆ: 3500 ಅಥವಾ ಎಫ್-350 ದರ್ಜೆಯ, ಹಿಂದೆ ಜೋಡಿ ಚಕ್ರವಿರುವ ಗಾಡಿಯನ್ನೇ ನೋಡಿ. ಚಾಲಕನ ಬಾಗಿಲಿನ ಕಂಬದ ಮೇಲಿರುವ ಚೀಟಿಯಲ್ಲಿ ಗಾಡಿಯ ಒಟ್ಟು ಮಿತಿಯನ್ನೂ ಪ್ರತಿ ಅಚ್ಚಿನ ಮಿತಿಯನ್ನೂ ಬರೆದಿರುತ್ತಾರೆ. ಆ ಗಾಡಿಯನ್ನೇ ತೂಗಿಸಿ, ಬಂದದ್ದನ್ನು ಆ ಮಿತಿಯಿಂದ ಕಳೆಯಿರಿ. ಜಾಹೀರಾತಿನ ಎಳೆತದ ಅಂಕಿಯನ್ನು, ಅದರಲ್ಲೂ ಹಳೆಯ ಗಾಡಿಗಳದ್ದನ್ನು, ಹೋಲಿಕೆಗೆ ಬಳಸಬೇಡಿ; ಪ್ರತಿ ಕಂಪನಿಯೂ ತನ್ನದೇ ಅಳತೆಗೋಲು ಹಿಡಿದು ಹೇಳುತ್ತಿದ್ದ ಕಾಲ ಅದು. ಎಸ್‌ಎಇ ಜೆ2807 ಎಂಬ ಸಾಮಾನ್ಯ ಪರೀಕ್ಷಾ ನಿಯಮ ಪ್ರಕಟವಾದದ್ದು 2008ರಲ್ಲಿ, ಎಲ್ಲ ಕಂಪನಿಗಳೂ ಅದಕ್ಕೆ ಒಗ್ಗಿಕೊಂಡದ್ದು ಅದಕ್ಕೂ ಹಲವು ವರ್ಷಗಳ ನಂತರ.

ಉತ್ತರ — ಕರಿಹೊಗೆ

ಮೇಲಿನ ಲೆಕ್ಕ ಸರಿಯಾಗಿದೆ. ಎಂಜಿನ್ನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಕಂಪನಿಯ ಹೆಸರನ್ನು ನೋಡಿ ಕೊಳ್ಳುವವರು ಮೋಸ ಹೋಗುತ್ತಾರೆ, ವರ್ಷ ನೋಡಿ ಕೊಳ್ಳುವವರು ಬಚಾವಾಗುತ್ತಾರೆ. ಮೂರೂ ಕಂಪನಿಗಳ ಎಂಜಿನ್ನುಗಳಲ್ಲಿ ಮುರಿಯುವುದು ಸಾಮಾನ್ಯವಾಗಿ ಕಬ್ಬಿಣದ ದೇಹವಲ್ಲ. ಇಂಧನದ ಪಂಪ್, ಡೀಸೆಲನ್ನು ಸಿಲಿಂಡರಿಗೆ ಚಿಮ್ಮಿಸುವ ಇಂಜೆಕ್ಟರ್, ಕೂಲರ್, ಗೇರ್‌ಬಾಕ್ಸ್, ಹೀಗೆ ಅದರ ಸುತ್ತಲಿನ ಸಾಮಾನುಗಳು ಮುರಿಯುತ್ತವೆ, ಮತ್ತು ಅವು ವರ್ಷದಿಂದ ವರ್ಷಕ್ಕೆ ಬದಲಾಗಿವೆ.

ಕಮಿನ್ಸ್‌ನಿಂದ ಆರಂಭಿಸುತ್ತೇನೆ. 5.9 ಲೀಟರಿನ ಆರು ಸಿಲಿಂಡರ್ ಸಾಲು ಎಂಜಿನ್ ಡಾಡ್ಜ್‌ಗೆ ಬಂದದ್ದು 1989ರಲ್ಲಿ. 1994ರಿಂದ 1998ರ ಮಧ್ಯದವರೆಗಿನ 12 ವಾಲ್ವಿನ ಎಂಜಿನ್ನಿನಲ್ಲಿ ಬಾಷ್ ಪಿ7100 ಎಂಬ ಪೂರ್ತಿ ಯಾಂತ್ರಿಕ ಪಂಪ್ ಇದೆ. ಎಲೆಕ್ಟ್ರಾನಿಕ್ಸ್ ಇಲ್ಲದೆ ಎಂಜಿನ್ ಆಯಿಲ್‌ನಿಂದಲೇ ತನ್ನನ್ನು ನಯಗೊಳಿಸಿಕೊಳ್ಳುವ ಈ ಪಂಪ್ ಆ ಎಂಜಿನ್ನಿನ ಖ್ಯಾತಿಯ ಅರ್ಧ ಪಾಲಿಗೆ ಕಾರಣ. ಆದರೆ ಅದಕ್ಕೂ ಒಂದು ಹುಟ್ಟು ದೋಷವಿದೆ. ಮುಂಭಾಗದ ಗೇರ್ ಪೆಟ್ಟಿಗೆಯಲ್ಲಿರುವ ಒಂದು ಚಿಕ್ಕ ಉಕ್ಕಿನ ಪಿನ್ ಕಂಪನಕ್ಕೆ ಸಡಿಲವಾಗಿ ಗೇರುಗಳ ಬಾಯಿಗೆ ಬೀಳಬಹುದು. ಬಲ್ಲವರು ಅದನ್ನು ಕೊಲೆಗಡುಕ ಪಿನ್ ಎಂದೇ ಕರೆಯುತ್ತಾರೆ. ಅದನ್ನು ಒಂದು ತಗಡಿನ ಪಟ್ಟಿಯಿಂದ ಹಿಡಿದಿಟ್ಟಿದ್ದಾರೆಯೇ ಎಂದು ಮಾರುವವರನ್ನು ಕೇಳಿ. ಪ್ರಶ್ನೆಯೇ ಅರ್ಥವಾಗದವರು ಆ ಎಂಜಿನ್ನನ್ನು ಹೇಗೆ ನೋಡಿಕೊಂಡಿದ್ದಾರೆಂಬುದು ಅಲ್ಲೇ ತಿಳಿಯುತ್ತದೆ. 1998ರ ಮಧ್ಯದಿಂದ 2002ರವರೆಗಿನ 24 ವಾಲ್ವಿನ ಎಂಜಿನ್ನಿಗೆ ವಿಪಿ44 ಪಂಪ್ ಬಂತು. ಇದನ್ನು ತಂಪಾಗಿಡುವುದೂ ನಯಗೊಳಿಸುವುದೂ ಡೀಸೆಲ್ಲೇ ಆದ್ದರಿಂದ, ಡೀಸೆಲನ್ನು ಅದಕ್ಕೆ ತಲುಪಿಸುವ ಚಿಕ್ಕ ಪಂಪ್ ಸೋತರೆ ದುಬಾರಿಯಾದ ದೊಡ್ಡ ಪಂಪ್ ಅದರ ಬೆನ್ನಿಗೇ ಸಾಯುತ್ತದೆ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಕೊಡುವ, 2003ರಿಂದ 2007ರವರೆಗಿನ ಕಾಮನ್ ರೈಲ್ 5.9 ಎಂಜಿನ್ನಿನಲ್ಲಿ ಸಿಪಿ3 ಎಂಬ ಗಟ್ಟಿ ಪಂಪ್ ಇದೆ, ಇಂಜೆಕ್ಟರುಗಳ ಮೇಲೆ ಕಣ್ಣಿಟ್ಟರೆ ಸಾಕು. ನಿಮ್ಮ ಕೆಲಸಕ್ಕೆ ನನ್ನ ಮೊದಲ ಆಯ್ಕೆಗಳಲ್ಲಿ ಇದೂ ಒಂದು.

ಫೋರ್ಡ್‌ನ 7.3 ಪವರ್‌ಸ್ಟ್ರೋಕ್ 1994ರಿಂದ 2003ರವರೆಗೆ ಬಂತು. ಅದನ್ನು ತಯಾರಿಸಿದ್ದು ನ್ಯಾವಿಸ್ಟಾರ್. ನಿಧಾನ, ಗದ್ದಲ, ಆದರೆ ನಂಬಬಹುದಾದ ಎಂಜಿನ್. ಕ್ಯಾಮ್ ಸ್ಥಾನ ಹೇಳುವ ಒಂದು ಸಣ್ಣ ಸೆನ್ಸರ್ ಕೆಟ್ಟರೆ ಯಾವ ಸೂಚನೆಯೂ ಇಲ್ಲದೆ ಎಂಜಿನ್ ನಿಂತುಬಿಡುತ್ತದೆ. ಒಂದೇ ಬೋಲ್ಟಿನ ಕೆಲಸವಾದ್ದರಿಂದ ಅದರ ಮಾಲೀಕರು ಇನ್ನೊಂದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಸ್ಪ್ಯಾನರ್ ಸಮೇತ ಇಟ್ಟುಕೊಂಡೇ ಓಡಾಡುತ್ತಾರೆ. 2003ರಿಂದ 2007ರ 6.0 ಲೀಟರಿನ ಕಥೆಯೇ ಬೇರೆ. ಅದರಲ್ಲಿ ಆಯಿಲ್ ಕೂಲರ್ ಕಸದಿಂದ ಕಟ್ಟಿಕೊಳ್ಳುತ್ತದೆ, ಅದರ ಮೂಲಕ ಹೋಗಬೇಕಾದ ನೀರು ಸಾಲದೆ, ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಸೀಳುತ್ತದೆ, ಆ ನೀರು ಸಿಲಿಂಡರಿಗೆ ನುಗ್ಗಿ ಒತ್ತಡ ಏರಿದಾಗ ಸಿಲಿಂಡರಿಗೆ ನಾಲ್ಕೇ ಬೋಲ್ಟಿನಿಂದ ಹಿಡಿದಿರುವ ಹೆಡ್ ಮೇಲೇಳುತ್ತದೆ. ಭಾರ ಎಳೆಯುತ್ತಾ ಒಂದೇ ವೇಗದಲ್ಲಿ ಹೋಗುವಾಗ ಆಯಿಲ್ ಮತ್ತು ನೀರಿನ ಉಷ್ಣತೆಗಳ ನಡುವೆ 8 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಅಂತರ ಕಂಡರೆ ಈ ಸರಪಳಿಯ ಮೊದಲ ಕೊಂಡಿ ಕಳಚಿದೆಯೆಂದೇ ತಿಳಿಯಿರಿ. ಇವನ್ನೆಲ್ಲ ಸರಿಪಡಿಸಿ, ಹೆಡ್ಡಿಗೆ ಗಟ್ಟಿ ಸ್ಟಡ್‌ಗಳನ್ನು ಹಾಕಿಸಿದ ಗಾಡಿ ಒಳ್ಳೆಯದೇ. ಆದರೆ ಯಾರೋ ಮಾಡಿಸಿದ ಕೆಲಸಕ್ಕೆ ರಸೀದಿ ಇಲ್ಲದಿದ್ದರೆ ಆ ಕೆಲಸ ನಡೆದೇ ಇಲ್ಲವೆಂದು ಭಾವಿಸುವುದು ಕ್ಷೇಮ. 2008ರಿಂದ 2010ರ 6.4 ಲೀಟರನ್ನು ನೀವು ನೋಡಲೇಬೇಡಿ.

ಡ್ಯೂರಾಮ್ಯಾಕ್ಸ್‌ನ ಅಕ್ಷರಗಳು ಒಂದೇ 6.6 ಲೀಟರ್ ವಿ8 ಎಂಜಿನ್ನಿನ ತಲೆಮಾರುಗಳು. ಎಲ್‌ಬಿ7 2001ರಿಂದ 2004ರವರೆಗಿನದು, ಇಂಜೆಕ್ಟರುಗಳು ವಾಲ್ವ್ ಕವರಿನ ಒಳಗೇ ಕೂತಿರುವುದರಿಂದ ಅವುಗಳ ರಿಪೇರಿ ದೊಡ್ಡ ಕೆಲಸ. ಎಲ್‌ಎಲ್‌ವೈ 2004ರ ಮಧ್ಯದಿಂದ 2005ರವರೆಗಿನದು. ಇಂಜೆಕ್ಟರುಗಳು ಹೊರಗೆ ಬಂದವು, ಆದರೆ ಭಾರದ ಏರಿನಲ್ಲಿ ಬಿಸಿಯಾಗುವ ದೂರು ಸೇರಿಕೊಂಡಿತು. 2006 ಮತ್ತು 2007ರ ಆರಂಭದ ಎಲ್‌ಬಿಝಡ್‌ನಲ್ಲಿ ಇವೆರಡೂ ಬಹುಮಟ್ಟಿಗೆ ತೀರಿದವು, ಜೊತೆಗೆ ಆರು ಗೇರಿನ ಆಲಿಸನ್ 1000 ಆಟೊಮ್ಯಾಟಿಕ್ ಬಂತು. ಇದೇ ಕಾರಣಕ್ಕೆ ಹಳೆಯದಾದರೂ ಅದರ ಬೆಲೆ ಇಳಿಯುವುದಿಲ್ಲ.

ಗಾಡಿ ನೋಡಲು ಹೋಗುವಾಗ, ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮುಂಚೆಯೇ ಹೇಳಿಡಿ. ಬಾನೆಟ್ ತೆಗೆದ ಕೂಡಲೇ ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿದ್ದಾರೆ ಎಂದು ಅನುಮಾನಿಸಿ. ತಣ್ಣಗಿದ್ದಲ್ಲಿ ಸ್ಟಾರ್ಟ್ ಮಾಡಿಸಿ, ಬಿಸಿಯಾದ ಮೇಲೆ ಆಯಿಲ್ ಸುರಿಯುವ ಬಾಯಿಯ ಮುಚ್ಚಳವನ್ನು ಬಿಚ್ಚಿ ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಮುಚ್ಚಳ ಸುಮ್ಮನೆ ಅದುರಿದರೆ ಪರವಾಗಿಲ್ಲ. ಕುಣಿದು ಹಾರಿ ಬಿದ್ದರೆ ಪಿಸ್ಟನ್ ರಿಂಗುಗಳು ಸವೆದು ಗಾಳಿ ಕೆಳಗೆ ಸೋರುತ್ತಿದೆ ಎಂದರ್ಥ.

ಉತ್ತರ — ಇಳಿಜಾರು

ಏರಿನ ವಿಷಯವನ್ನು ಎಲ್ಲರೂ ಬರೆದಿದ್ದಾರೆ, ಇಳಿಯುವುದರ ಬಗ್ಗೆ ಯಾರೂ ಬರೆದಿಲ್ಲ. 12 ವಾಲ್ವಿನ ಹಳೆಯ ಕಮಿನ್ಸ್ ಬಗ್ಗೆ ಇರುವ ಭಕ್ತಿಗೆ ನನ್ನ ಆಕ್ಷೇಪ ಇರುವುದೂ ಇಲ್ಲಿಯೇ. ಮೊದಲು ಬಂದಾಗ ಅದರ ಬಲ 160 ಅಶ್ವಶಕ್ತಿ, ತಿರುಚು ಬಲ 400 ಪೌಂಡ್-ಅಡಿ, ಅಂದರೆ ಸುಮಾರು 540 ನ್ಯೂಟನ್ ಮೀಟರ್. 2019ರ ರ್‍ಯಾಮ್‌ನಲ್ಲಿ ಅದೇ ಮನೆತನದ 6.7 ಲೀಟರ್ ಎಂಜಿನ್ 1,000 ಪೌಂಡ್-ಅಡಿ ಮುಟ್ಟಿತು. ಏರಿನಲ್ಲಿ ನಿಧಾನವಾಗಿ ಹೋದರೆ ತಡವಾಗುತ್ತದೆ, ಅಷ್ಟೇ. ಇಳಿಜಾರಿನಲ್ಲಿ ಹಾಗಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದಾಗ ಗಾಳಿಯ ದಾರಿ ಮುಚ್ಚಿಕೊಂಡು ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಡೀಸೆಲ್‌ನಲ್ಲಿ ಆ ಬಗೆಯ ತಡೆ ಇಲ್ಲದ್ದರಿಂದ ಕಾಲು ತೆಗೆದರೂ ಗಾಡಿ ಆರಾಮವಾಗಿ ಉರುಳುತ್ತಲೇ ಇರುತ್ತದೆ. ಹಾಗಾಗಿ ಹೊಗೆಯ ದಾರಿಯನ್ನು ತಡೆದು ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿದಿಡಿಸುವ ಎಕ್ಸಾಸ್ಟ್ ಬ್ರೇಕ್ ಇರಲೇಬೇಕು. ಕಮಿನ್ಸ್ 6.7 ಬಂದ 2007ರ ಮಧ್ಯದಿಂದ ಟರ್ಬೊದೊಳಗಿನ ಜಾರು ಉಂಗುರವನ್ನೇ ಮುಚ್ಚಿ ಹೊಗೆಯನ್ನು ತಡೆಹಿಡಿಯುವ ಬ್ರೇಕ್ ಕಾರ್ಖಾನೆಯಿಂದಲೇ ಬರುತ್ತದೆ. ಅದಕ್ಕಿಂತ ಹಳೆಯ ಗಾಡಿಗೆ ಹೊರಗಿನದನ್ನು ಹಾಕಿಸಬಹುದು, ಆದರೆ ಆ ಹೊತ್ತಿನಲ್ಲಿ, ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಎಂಜಿನ್ನಿಗೆ ದ್ರವದ ಮೂಲಕ ಜೋಡಿಸುವ ಟಾರ್ಕ್ ಕನ್ವರ್ಟರ್ ಬಿಗಿಹಿಡಿದಿರುವ ಹಾಗೆ ಗೇರ್‌ಬಾಕ್ಸನ್ನೂ ಸಜ್ಜುಗೊಳಿಸಬೇಕಾಗುತ್ತದೆ. ಗೇರ್‌ಬಾಕ್ಸಿನ ಮಾತು ಬಂದದ್ದರಿಂದ ಹೇಳುತ್ತೇನೆ: ಕಮಿನ್ಸ್ ಹಿಂದೆ ಬಂದ ಹಳೆಯ ನಾಲ್ಕು ಗೇರಿನ ಆಟೊಮ್ಯಾಟಿಕ್‌ಗಳು ಆ ಎಂಜಿನ್ನಿನ ಸರಿಸಮಾನವಲ್ಲ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಜೋಡಿ ಅದು. ಆ ಕಾಲದ ರ್‍ಯಾಮ್ ಕೊಳ್ಳುವುದಾದರೆ ಮ್ಯಾನ್ಯುಯಲ್ ಹುಡುಕಿ. 2013ರ ನಂತರದ 3500ರಲ್ಲಾದರೆ ಐಸಿನ್ ಗೇರ್‌ಬಾಕ್ಸ್ ಇರುವುದನ್ನು ಹುಡುಕಿ. ಆಟೊಮ್ಯಾಟಿಕ್ಕೇ ಬೇಕೆನ್ನುವವರಿಗೆ ಹಳೆಯವುಗಳಲ್ಲಿ ಆಲಿಸನ್‌ಗೆ ಸಾಟಿಯಿಲ್ಲ.

ಒಂದು ಸ್ವಂತ ಅನುಭವ. ಉದ್ದನೆಯ ಇಳಿಜಾರೊಂದರ ಅರ್ಧದಲ್ಲಿ ಸುಟ್ಟ ರಬ್ಬರಿನಂಥ ವಾಸನೆ ಬಂತು, ಪೆಡಲ್ ಮೆತ್ತಗಾಗತೊಡಗಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ ಇಳಿದು ನೋಡಿದರೆ ಪಿಕಪ್‌ನ ಚಕ್ರಗಳ ಹತ್ತಿರ ಕೈ ಇಡಲಾಗುತ್ತಿರಲಿಲ್ಲ, ಟ್ರೇಲರಿನ ಚಕ್ರಗಳು ಮಾತ್ರ ತಣ್ಣಗಿದ್ದವು. ಟ್ರೇಲರಿಗೆ ವಿದ್ಯುತ್ ಕೊಡುವ ಏಳು ಪಿನ್ನಿನ ಪ್ಲಗ್ಗನ್ನು ಬಿಚ್ಚಿದಾಗ ಅದರೊಳಗೆ ಬ್ರೇಕಿಗೆ ವಿದ್ಯುತ್ ಒಯ್ಯುವ ಪಟ್ಟಿ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು. ಆರು ಟನ್ನನ್ನು ಆ ದೂರದವರೆಗೆ ಹಿಡಿದು ನಿಲ್ಲಿಸುತ್ತಿದ್ದದ್ದು ಪಿಕಪ್‌ನ ಬ್ರೇಕ್ ಒಂದೇ. ದೋಷ ನನ್ನದೇ, ಹೊರಡುವ ಮುನ್ನ ಟ್ರೇಲರ್ ಬ್ರೇಕನ್ನು ಕೈಯಿಂದ ಒತ್ತಿ ನೋಡುವ ಹತ್ತು ಸೆಕೆಂಡಿನ ಕೆಲಸವನ್ನು ಬಿಟ್ಟಿದ್ದೆ.

ಮರುಪ್ರಶ್ನೆ — ದೂರದಾರಿ

ಎಲ್ಲರಿಗೂ ಕೃತಜ್ಞತೆಗಳು. ಟ್ರೇಲರನ್ನು ತೂಗಿಸಿದೆ. 6,350 ಅಲ್ಲ, 6,820 ಕಿಲೋ ಬಂತು. ಎರಡನೆಯ ಬಕೆಟ್ಟನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಜೋಡಿ ಚಕ್ರದ ಗಾಡಿಯೇ ಎಂದು ನಿರ್ಧರಿಸಿದ್ದೇನೆ. ಹೊಸ ಕಾಲದ ಒಂದು ಗಾಡಿಯೂ ನೋಟಕ್ಕೆ ಬಂದಿದೆ, ಆದರೆ ಅದರ ಹೊಗೆ ಶುದ್ಧೀಕರಣದ ಉಪಕರಣಗಳನ್ನೆಲ್ಲ ಹಿಂದಿನ ಮಾಲೀಕರು ತೆಗೆಸಿಹಾಕಿದ್ದಾರಂತೆ. ಇನ್ನು ತೊಂದರೆಯೇ ಇಲ್ಲ ಎನ್ನುತ್ತಾರೆ. ಇದು ಲಾಭವೋ ನಷ್ಟವೋ?

ಉತ್ತರ — ಕರಿಹೊಗೆ

ಬಿಟ್ಟುಬಿಡಿ. ಅಮೆರಿಕದಲ್ಲಿ ಅದು ಶುದ್ಧ ಗಾಳಿ ಕಾಯಿದೆಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಹಾಗೆ ತೆಗೆಸುವವರು ಜೊತೆಗೆ ಎಂಜಿನ್ನಿನ ಬಲವನ್ನೂ ಏರಿಸಿರುತ್ತಾರೆ, ಅದರ ಏಟು ತಿಂದ ಗೇರ್‌ಬಾಕ್ಸ್ ನಿಮ್ಮ ಪಾಲಿಗೆ ಬರುತ್ತದೆ.

ಆ ಉಪಕರಣಗಳ ಬಗ್ಗೆ ಇರುವ ಭಯವೂ ನಿಮ್ಮಂಥ ಬಳಕೆಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಸೋಸುಕ ಕಟ್ಟಿಕೊಳ್ಳುವುದು ಮಾರುಕಟ್ಟೆಗೆ ಹೋಗಿ ಬರುವ, ಗಂಟೆಗಟ್ಟಲೆ ನಿಂತಲ್ಲೇ ಓಡುವ ಗಾಡಿಗಳಲ್ಲಿ. ಭಾರ ಎಳೆಯುವಾಗ ಹೊಗೆ ಬಿಸಿಯಾಗಿ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. ಯೂರಿಯಾ ದ್ರಾವಣ ಬಳಸದೆ ಹೊಗೆ ಶುದ್ಧಮಾಡಲು ಹೊರಟಿದ್ದ 2007ರಿಂದ 2012ರ 6.7 ಕಮಿನ್ಸ್ ಪಿಕಪ್‌ಗಳಲ್ಲಿ ಮಸಿಯ ಕಾಟ ಹೆಚ್ಚು. 2013ರಿಂದ ಯೂರಿಯಾ ಬಂದ ಮೇಲೆ ಸುಧಾರಿಸಿತು. ಹೊಸ ಗಾಡಿಗಳಲ್ಲಿ ನಿಜವಾಗಿ ಹೆದರಬೇಕಾದದ್ದು ಸಿಪಿ4 ಪಂಪಿಗೆ. 2011ರ ನಂತರದ ಫೋರ್ಡ್ 6.7, 2011ರಿಂದ 2016ರ ಡ್ಯೂರಾಮ್ಯಾಕ್ಸ್, 2019 ಮತ್ತು 2020ರ ರ್‍ಯಾಮ್ ಇವುಗಳಲ್ಲಿ ಅದಿದೆ. ರ್‍ಯಾಮ್‌ನವರು ಅದನ್ನು ಹಿಂಪಡೆದು ಮತ್ತೆ ಸಿಪಿ3ಗೆ ಮರಳಿದರು. ಸಿಪಿ4 ಒಳಗೇ ಸವೆದು ಒಡೆದರೆ ಲೋಹದ ಪುಡಿ ಡೀಸೆಲ್ ಜೊತೆಗೆ ಇಂಜೆಕ್ಟರುಗಳವರೆಗೂ ಹರಡಿ, ಇಡೀ ಇಂಧನ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ. ಅಂಥ ಗಾಡಿ ಕೊಂಡರೆ ನೀರು ಬೇರ್ಪಡಿಸುವ ಫಿಲ್ಟರನ್ನು ತಪ್ಪದೆ ಖಾಲಿ ಮಾಡುತ್ತಿರಿ. 2017ರ ನಂತರದ ಡ್ಯೂರಾಮ್ಯಾಕ್ಸ್ ಎಲ್5ಪಿಯಲ್ಲಿ ಡೆನ್ಸೊ ಪಂಪ್ ಇರುವುದರಿಂದ ಈ ಚಿಂತೆ ಇಲ್ಲ, ಕೈಗೆಟುಕಿದರೆ ಅದನ್ನೇ ನೋಡಿ.

ದೂರದಾರಿ

ಎರಡು ಗಾಡಿ ನೋಡಿ ಬಂದೆ. ಮೊದಲನೆಯದರ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು, ಮುಂದೆ ಮಾತಾಡಲಿಲ್ಲ. ಎರಡನೆಯದು 2006ರ ಎಲ್‌ಬಿಝಡ್, ಜೋಡಿ ಚಕ್ರ, ಆಲಿಸನ್ ಗೇರ್‌ಬಾಕ್ಸ್. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಎದ್ದಿತು, ಮುಚ್ಚಳ ಅದುರಿತೇ ಹೊರತು ಹಾರಲಿಲ್ಲ. ಇಂಧನದ ಫಿಲ್ಟರ್ ಬದಲಿಸಿದ ತಾರೀಖುಗಳನ್ನು ಮಾಲೀಕರು ಫಿಲ್ಟರ್ ಡಬ್ಬಗಳ ಮುಚ್ಚಳದ ಮೇಲೆ ಬರೆದು, ಆ ಮುಚ್ಚಳಗಳನ್ನು ದಾರಕ್ಕೆ ಪೋಣಿಸಿ ಶೆಡ್ಡಿನ ಮೊಳೆಗೆ ತೂಗುಹಾಕಿದ್ದರು. ಎಕ್ಸಾಸ್ಟ್ ಬ್ರೇಕ್ ಇಲ್ಲ, ಅದನ್ನು ಹಾಕಿಸಬೇಕು. ಮುಂದಿನ ಭಾನುವಾರ ನನ್ನ ಟ್ರೇಲರನ್ನೇ ಅದಕ್ಕೆ ಸಿಕ್ಕಿಸಿ ಆ ಏರಿಗೆ ಹೋಗಿಬರಲು ಒಪ್ಪಿದ್ದಾರೆ. ಏಳು ಪಿನ್ನಿನ ಪ್ಲಗ್ಗನ್ನು ಇವತ್ತೇ ಉಜ್ಜಿ ಇಟ್ಟಿದ್ದೇನೆ.